ಲಾರಿ ಅಲ್ಲ ಅಪ್ಪ, ಪಿಕಪ್

ಅಪ್ಪ, ಅವ್ವನಿಗೆ ನಮಸ್ಕಾರಗಳು. ಇಲ್ಲಿ ನಾನು ಕ್ಷೇಮ, ಅಲ್ಲಿ ಎಲ್ಲರೂ ಕ್ಷೇಮ ಅಂತ ತಿಳಿದಿದ್ದೇನೆ.

ನಿಮ್ಮ ಪತ್ರ ಓದಿ ಎರಡು ದಿನ ಸಮಾಧಾನ ಇರಲಿಲ್ಲ. ಹಳೇ ಗಾಡಿ ತಗೊಂಡು ಮತ್ತೆ ಸಾಲಕ್ಕೆ ಬೀಳಬೇಡ, ತಂಗಿ ಮದುವೆ ದುಡ್ಡು ಇದಕ್ಕೆ ಹಾಕಿದೆಯಾ ಅಂತ ಕೇಳಿದ್ದೀರಿ. ಕಾರಟಗಿಯಿಂದ ತಂದ ಆ ಟೆಂಪೋ ನಾನೂ ಮರೆತಿಲ್ಲ ಅಪ್ಪ. ಹೊಸ ಬಣ್ಣ ನೋಡಿ ತಂದೆವು, ಎರಡನೇ ಸುಗ್ಗಿಗೆ ಚಾಸಿ ಬಿರುಕು ಬಿಟ್ಟಿತು, ಅವ್ವನ ಸರ ಅಡವು ಹೋಯಿತು.

ಅದಕ್ಕೇ ಇಲ್ಲಿ ಮೊದಲು ಗಾಡಿ ಕೆಳಗೆ ಮಲಗಿ ನೋಡಿದೆ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಹಾಕುತ್ತಾರೆ, ಅಲ್ಲಿ ಓಡಿದ ಗಾಡಿಯ ಚಾಸಿಯನ್ನು ತುಕ್ಕು ತಿಂದಿರುತ್ತದೆ. ಮೊದಲು ನೋಡಿದ್ದು ಅಂಥದ್ದೇ. ಮೇಲೆ ಕಪ್ಪು ಬಣ್ಣ ಬಳಿದಿದ್ದರು, ಸ್ಕ್ರೂಡ್ರೈವರ್‌ನಿಂದ ಕುಟ್ಟಿದರೆ ಪದರ ಪದರವಾಗಿ ಉದುರಿತು. ಇನ್ನೊಂದರ ಎಂಜಿನ್ ನಾನು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರು. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ನೋಡಬೇಕು ಅಂತ ನೀವೇ ಹೇಳುತ್ತಿದ್ದಿರಿ ಅಲ್ವಾ, ಮಾತಾಡದೆ ವಾಪಸ್ ಬಂದೆ.

ತಗೊಂಡದ್ದು ಫೋರ್ಡ್ ಎಫ್-250, 2015ರದ್ದು, 6.2 ಲೀಟರ್ ಪೆಟ್ರೋಲ್ ಎಂಜಿನ್. ಡೀಸೆಲ್‌ಗೆ ಎಳೆಯುವ ಶಕ್ತಿ ಜಾಸ್ತಿ, ನಿಜ. ಆದರೆ ಹಳೇದಾದ ಮೇಲೆ ಇಂಜೆಕ್ಟರ್, ಪಂಪು ಕೆಟ್ಟರೆ ಸಾವಿರಾರು ಡಾಲರ್ ಬೇಕು. ನನ್ನದು ಅಂಗಡಿಯಿಂದ ಹೊಲಗಳಿಗೆ ಸಣ್ಣ ಟ್ರಾಕ್ಟರ್ ಮುಟ್ಟಿಸುವ ಕೆಲಸ, ಟೆಕ್ಸಾಸ್‌ನ ಈ ಕಡೆ ಗುಡ್ಡಗಳೂ ಇಲ್ಲ, ಇದು ಸಾಕು.

ನೀವು ಲಾರಿ ಅಂದುಕೊಂಡಿದ್ದೀರಿ. ಇಲ್ಲಿ ಇದಕ್ಕೆ ಪಿಕಪ್ ಅನ್ನುತ್ತಾರೆ, ಹಾಲು ತರಲೂ ಒಬ್ಬೊಬ್ಬರೇ ಇದರಲ್ಲಿ ಹೋಗುತ್ತಾರೆ! ಓವರ್‌ಲೋಡ್ ಭಯ ಬೇಡ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ, ಆ ಗಾಡಿ ಎಷ್ಟು ಹೊರಬಹುದು ಅಂತ. ನನ್ನದರಲ್ಲಿ 3,000 ಪೌಂಡ್ ಇದೆ. ನಮ್ಮ 75 ಕೆಜಿ ಭತ್ತದ ಚೀಲ 18 ಅಂತ ಇಟ್ಟುಕೊಳ್ಳಿ. 10,000 ಪೌಂಡಿನ ಟ್ರೇಲರ್ ಕಟ್ಟಿದರೆ ಅದರ ಭಾರದಲ್ಲಿ ನೂರಕ್ಕೆ 10ರಿಂದ 15 ಭಾಗ ಹುಕ್ಕಿನ ಮೇಲೆ ಕೂರುತ್ತದೆ, ಅಲ್ಲೇ ಆರರಿಂದ ಒಂಬತ್ತು ಚೀಲದ ಲೆಕ್ಕ ಮುಗಿಯಿತು. ನನ್ನ ತೂಕವೂ ಅದರೊಳಗೇ. ಇದನ್ನೆಲ್ಲ ಲೆಕ್ಕ ಹಾಕಿಯೇ ತಗೊಂಡೆ, ಸುಮ್ನೆ ಅಲ್ಲ.

ತಂಗಿ ಮದುವೆ ದುಡ್ಡಿಗೆ ಕೈ ಹಚ್ಚಿಲ್ಲ, ಹುಲಿಗೆಮ್ಮನ ಆಣೆ. ಅದು ಬೇರೆ ಖಾತೆಯಲ್ಲಿದೆ. ಗಾಡಿಗೆ ಅರ್ಧಕ್ಕಿಂತ ಜಾಸ್ತಿ ಕೈಯಿಂದ ಕೊಟ್ಟೆ, ಉಳಿದದ್ದು ಎರಡು ವರ್ಷದ ಕಂತು, ಬಾಡಿಗೆಯಲ್ಲೇ ತೀರುತ್ತದೆ. ಅದನ್ನು ಸಾಲ ಅಂತ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಗಂಡಿನ ಕಡೆಯವರು ಬಂದರೆ ಹಿಂದೆ ಮುಂದೆ ನೋಡದೆ ಮಾತು ಮುಗಿಸಿ. ದುಡ್ಡಿದೆ ಅಪ್ಪ, ಖಂಡಿತ ಇದೆ.

ಅಮಾವಾಸ್ಯೆಗೆ ನಿಂಬೆಹಣ್ಣು ಕಟ್ಟಿದ್ದೇನೆ ಅಂತ ಅವ್ವನಿಗೆ ಹೇಳಿ. ಲೋಡ್ ಕಾದಿದೆ, ಹೊರಟೆ. ಭಾನುವಾರ ಫೋನ್ ಮಾಡುತ್ತೇನೆ.

ನಿಮ್ಮ ಮಗ