ಕತ್ತಿ, ಕೋವಿಗಳ ಪಕ್ಕದಲ್ಲಿ ದುಡಿಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಮಡಿಕೇರಿಯಲ್ಲಿರುವ ಜನರಲ್ ತಿಮ್ಮಯ್ಯನವರ ಕುಟುಂಬದ ಮನೆ ‘ಸನ್ನಿಸೈಡ್’ ಬಹುಕಾಲ ಸರ್ಕಾರಿ ಕಚೇರಿಯಾಗಿದ್ದು, 2021ರ ಫೆಬ್ರುವರಿಯಲ್ಲಿ ಸ್ಮಾರಕ ವಸ್ತುಸಂಗ್ರಹಾಲಯವಾಯಿತು. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದು, 1965ರ ಡಿಸೆಂಬರ್‌ನಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯನ್ನು ಮುನ್ನಡೆಸುತ್ತಿದ್ದಾಗಲೇ ತೀರಿಕೊಂಡ ಸೇನಾನಿಯ ಬದುಕನ್ನು ಅವರದೇ ಮನೆಯ ಕೋಣೆಗಳಲ್ಲಿ ನಿಂತು ತಿಳಿಯುವುದು ಪಠ್ಯಪುಸ್ತಕದಿಂದ ಸಿಗುವ ಅನುಭವವಲ್ಲ. ಇಲ್ಲಿಂದ ಸ್ವಲ್ಪ ದೂರದ ಕೋಟೆಯೊಳಗೆ, 1855ರಲ್ಲಿ ಬ್ರಿಟಿಷರು ಕಟ್ಟಿದ ಚರ್ಚಿನಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಕೊಡಗನ್ನಾಳಿದ ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರ 1834ರಲ್ಲಿ ಪದಚ್ಯುತನಾದದ್ದು, ಬ್ರಿಟಿಷರ ವಿರುದ್ಧದ 1837ರ ಬಂಡಾಯದ ಬಳಿಕ ಗುಡ್ಡೆಮನೆ ಅಪ್ಪಯ್ಯ ಗೌಡರು ಮಡಿಕೇರಿಯಲ್ಲಿ ಗಲ್ಲಿಗೇರಿದ್ದು, ಅರಮನೆಯ ಆವರಣದಲ್ಲೇ ಚರ್ಚು ಎದ್ದದ್ದು ಒಂದೇ ಕಥೆಯ ತುಂಡುಗಳಾಗಿರುವುದರಿಂದ, ಆ ಕಟ್ಟಡವನ್ನೇ ಮೊದಲ ಪ್ರದರ್ಶನ ವಸ್ತುವೆಂದು ಭಾವಿಸಿ ಅದರ ಬಾಗಿಲಲ್ಲೇ ಈ ಕಥೆಯನ್ನು ಹೇಳಬಹುದು.

ಅರಸರು ಮತ್ತು ಸೇನಾನಿಗಳ ಮಾತು ಇಷ್ಟಾಯಿತು. ಶಾಲಾ ಮಕ್ಕಳನ್ನು ಕರೆದೊಯ್ದಾಗಲೆಲ್ಲ ಅವರು ಆಯುಧಗಳ ಮುಂದೆ ಹೆಚ್ಚು ಹೊತ್ತು ನಿಲ್ಲುವುದನ್ನು ಕಂಡಿದ್ದೇನೆ. ಅದು ಆ ವಯಸ್ಸಿಗೆ ಸಹಜ. ಆದರೆ ಪೊಲೀಸ್ ಇಲಾಖೆಯಲ್ಲಿ ದುಡಿಯುತ್ತಲೇ ಊರೂರಿನ ಕೊಡವ ಹಾಡು, ಗಾದೆ, ಪದ್ಧತಿಗಳನ್ನು ಕೂಡಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದ ನಡಿಕೇರಿಯಂಡ ಚಿಣ್ಣಪ್ಪನವರಿಗೂ ಅಷ್ಟೇ ದೊಡ್ಡ ಜಾಗ ಬೇಕಲ್ಲವೇ? ಆ ಹಾಡುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟ ಪುಸ್ತಕದಿಂದ ತೋರಿಸಲಾಗದು. ದುಡಿ ಎಂಬ ಪುಟ್ಟ ಚರ್ಮವಾದ್ಯ ಬಡಿದು ಹಾಡುವ ಹಿರಿಯರ ದನಿಯನ್ನು ಮುದ್ರಿಸಿ, ಕೇಳುವ ವ್ಯವಸ್ಥೆ ಮಾಡಬೇಕು. ಕೊಡಗಿನ ಗೌರಮ್ಮನವರ ವಿಷಯವೂ ಹೀಗೆಯೇ. 1934ರಲ್ಲಿ ಕೊಡಗಿಗೆ ಬಂದ ಗಾಂಧೀಜಿ ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕೂತು, ಬಂದಾಗ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟ ಈ ಕಥೆಗಾರ್ತಿ 1939ರಲ್ಲಿ ಹೊಳೆಯ ಪಾಲಾದಾಗ ಅವರಿಗೆ ಇಪ್ಪತ್ತೇಳು ವರ್ಷ. ವಿಧವೆಯರ, ಮೋಸಹೋದ ಹೆಣ್ಣುಗಳ ಸಂಕಟವನ್ನು ಆ ಕಾಲದಲ್ಲೇ ಬರೆದವರು ಅವರು. ಒಂದು ಗೋಡೆಯಾದರೂ ಅವರದಾಗಲಿ.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಕುಟುಂಬಗಳ ಮೂಲ ಮನೆಗಳಾದ ಐನ್‌ಮನೆಗಳ ಅಟ್ಟಗಳಲ್ಲಿ ಹಳೆಯ ಪತ್ರಗಳು, ಫೋಟೊಗಳು, ದುಡಿಗಳು ಇರುತ್ತವೆ; ಕೊಟ್ಟದ್ದು ಮರಳಿ ಬಾರದೆಂಬ ಅಳುಕಿನಿಂದ ಮನೆಯವರು ಹೊರಗೆ ತೆಗೆಯುವುದಿಲ್ಲ. ಸಂಬಂಧಪಟ್ಟ ಇಲಾಖೆಯು ಇಂಥ ವಸ್ತುಗಳನ್ನು ಇಂತಿಷ್ಟು ತಿಂಗಳಿಗೆಂದು ಎರವಲು ಪಡೆದು, ಯಾವ ಊರಿನ ಯಾವ ಮನೆಯದೆಂದು ವಿವರ ಫಲಕದಲ್ಲಿ ಬರೆದು, ಹಿಂದಿರುಗಿಸುವ ದಿನಾಂಕ ನಮೂದಿಸಿದ ರಸೀದಿಯನ್ನು ಮನೆಯವರ ಕೈಗೆ ಕೊಡಲಿ.

– ನಿವೃತ್ತ ಶಿಕ್ಷಕ, ಸೋಮವಾರಪೇಟೆ