ರಿಸರ್ಚ್ ಫಂಡಿಂಗ್ ಬಗ್ಗೆ, ದಯವಿಟ್ಟು ಪೂರ್ತಿ ಓದಿ

ಎಲ್ರಿಗೂ ನಮಸ್ಕಾರ. ನಿನ್ನೆ ಹಾಸನದ ಹೇಮಗಂಗೋತ್ರಿ ಕ್ಯಾಂಪಸ್ಸಲ್ಲಿ ಸಿಕ್ದಾಗ ಮೂರ್ನಾಲ್ಕು ಜನ ಒಂದೇ ಮಾತು ಕೇಳಿದ್ರಿ, ಪಿಎಚ್‌ಡಿಗೆ ದುಡ್ಡು ಎಲ್ಲಿಂದ ತರೋದು ಅಂತ, ಅದಕ್ಕೆ ಇಲ್ಲೇ ಬರೀತಿದೀನಿ. ಯುಜಿಸಿ ಜೆಆರ್‌ಎಫ್ (ನೆಟ್ ಪರೀಕ್ಷೆ ಬರೆದು ತಗೊಳ್ಳೋ ಜೂನಿಯರ್ ರಿಸರ್ಚ್ ಫೆಲೋಶಿಪ್) ಆದ್ರೆ ತಿಂಗಳಿಗೆ 37,000 ಜೊತೆಗೆ ಮನೆಬಾಡಿಗೆ ಭತ್ಯೆ, ಎರಡು ವರ್ಷ ಆದ್ಮೇಲೆ 42,000. ಆಗ್ಲಿಲ್ಲ ಅಂದ್ರೆ ಅಲ್ಲಿಗೇ ಮುಗೀತು ಅನ್ಕೋಬೇಡಿ, ಸೈನ್ಸ್‌ನೋರು ರಾಜ್ಯದ ಕೆಸ್ಟೆಪ್ಸ್ (ಕರ್ನಾಟಕ ವಿಜ್ಞಾನ ಮತ್ತು ತಂತ್ರಜ್ಞಾನ ಪ್ರೋತ್ಸಾಹಕ ಸಂಸ್ಥೆ) ಫೆಲೋಶಿಪ್ ನೋಡಿ, ಎಕನಾಮಿಕ್ಸ್, ಸೋಶಿಯಾಲಜಿಯೋರಿಗೆ ಐಸಿಎಸ್‌ಎಸ್‌ಆರ್ (ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ), ಹಿಸ್ಟರಿಯೋರಿಗೆ ಐಸಿಎಚ್‌ಆರ್ (ಇತಿಹಾಸ ಸಂಶೋಧನಾ ಮಂಡಳಿ). ಗೈಡ್ ಹೆಸರಲ್ಲಿ ಪ್ರಾಜೆಕ್ಟ್ ಹಾಕೋದಾದ್ರೆ ಎಸ್‌ಇಆರ್‌ಬಿ (ಸೈನ್ಸ್ ಪ್ರಾಜೆಕ್ಟ್‌ಗಳಿಗೆ ದುಡ್ಡು ಕೊಡ್ತಿದ್ದ ಕೇಂದ್ರದ ಮಂಡಳಿ) ಅಂತ ಹುಡುಕ್ತಾ ಕೂರ್ಬೇಡಿ, 2023ರ ಕಾಯ್ದೆ ಬಂದ್ಮೇಲೆ ಅದು ಎಎನ್‌ಆರ್‌ಎಫ್ (ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್) ಒಳಗೆ ಸೇರ್ಕೊಂಡಿದೆ.

ಕಾಫಿ ಮೇಲೆ ಕೆಲಸ ಮಾಡೋರು ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಗೆ ಒಂದ್ಸಲ ಹೋಗ್ಬನ್ನಿ, 1925ರಿಂದ ಇರೋ ಜಾಗ ಅದು, ದುಡ್ಡು ಸಿಗದಿದ್ರೂ ಅಲ್ಲಿನ ವಿಜ್ಞಾನಿಗಳ ಹತ್ರ ಅರ್ಧ ಗಂಟೆ ಮಾತಾಡಿದ್ರೆ ಪ್ರಪೋಸಲ್ ಗಟ್ಟಿಯಾಗತ್ತೆ.

ಇನ್ನೊಂದು, ಇದು ನನಗೇ ಆಗಿದ್ದು. ಅರ್ಜಿ ಎಲ್ಲಾ ರೆಡಿ ಇತ್ತು, ಸಂಸ್ಥೆ ಮುಖ್ಯಸ್ಥರ ಸಹಿ, ಸೀಲ್ ಬೇಕಿದ್ದ ಒಂದೇ ಒಂದು ಹಾಳೆ ಒಂಬತ್ತು ದಿನ ಆಫೀಸಿನ ಟೇಬಲ್ ಮೇಲೆ ಕೂತಿತ್ತು, ಕೊನೇ ದಿನ ಸಂಜೆ ಕೈಗೆ ಬರೋ ಹೊತ್ತಿಗೆ ಪೋರ್ಟಲ್ ಕ್ಲೋಸ್, ಪೂರ್ತಿ ಒಂದು ವರ್ಷ ಹೋಯ್ತು. ಈಗ್ಲೂ ನೆನೆಸ್ಕೊಂಡ್ರೆ ಹೊಟ್ಟೆ ಉರಿಯತ್ತೆ. ಅದಕ್ಕೇ ಹೇಳ್ತಿದೀನಿ, ಪ್ರಪೋಸಲ್ ಬರೆಯೋಕೆ ಶುರು ಮಾಡಿದ ದಿನವೇ ಆ ಹಾಳೆ ಕೊಟ್ಬಿಡಿ, ದಿನಾ ಹೋಗಿ ಕೇಳಿ, ನಾಚ್ಕೋಬೇಡಿ.

ಬಜೆಟಲ್ಲಿ ಸುಮ್ನೆ ಟ್ರಾವೆಲ್ ಅಂತ ಒಂದು ಮೊತ್ತ ಹಾಕ್ಬೇಡಿ, ಸಕಲೇಶಪುರಕ್ಕೆ ಎಷ್ಟು ಸಲ, ಬಸ್ ಚಾರ್ಜ್ ಎಷ್ಟು ಅಂತ ಬಿಡಿಸಿ ಬರೀರಿ. ಭಾನುವಾರ ಬೆಳಗ್ಗೆ ಫ್ರೀ ಇದೀನಿ, ಡ್ರಾಫ್ಟ್ ತನ್ನಿ, ಕೂತು ನೋಡೋಣ.