ಎಷ್ಟು ಪಾಯಿಂಟ್ ಅಂತ ಬರೆದಿರಿ, ಎಷ್ಟು ಶಾಟ್ ಅಂತ ಬರೆಯಲಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಕ್ರೀಡಾ ಪುಟದಲ್ಲಿ ಅಂತರ ಕಾಲೇಜು ಬಾಸ್ಕೆಟ್‌ಬಾಲ್ ಸುದ್ದಿ ಬರುವುದೇ ಅಪರೂಪ, ಬಂದಾಗ ಖುಷಿಯಾಗುತ್ತದೆ. ಆದರೆ ಪ್ರತಿ ಸಲ ಅದೇ ಸಾಲು: ಇಂಥವರು 24 ಪಾಯಿಂಟ್ ಗಳಿಸಿ ಮಿಂಚಿದರು. ಎಷ್ಟು ಸಲ ಎಸೆದು 24? ಹನ್ನೆರಡು ಸಲವಾ, ಮೂವತ್ತು ಸಲವಾ? ಕ್ರಿಕೆಟ್ ಆದರೆ ರನ್ನಿನ ಪಕ್ಕದಲ್ಲಿ ಎಸೆತದ ಲೆಕ್ಕ ತಪ್ಪದೆ ಹಾಕುತ್ತೀರಿ. ಬಾಸ್ಕೆಟ್‌ಬಾಲ್‌ಗೆ ಮಾತ್ರ ಯಾಕೆ ಬೇಡ?

ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಬಗ್ಗೆ ಬರೆಯುವಾಗಲೂ ಇದೇ ಕಥೆ. ಕೋಬಿ ಬ್ರಯಾಂಟ್ ತಮ್ಮ ಕೊನೆಯ ಪಂದ್ಯದಲ್ಲಿ, ಅಂದರೆ 2016ರ ಏಪ್ರಿಲ್ 13ರಂದು, 60 ಪಾಯಿಂಟ್ ಹೊಡೆದದ್ದು ಎಲ್ಲರ ಬಾಯಲ್ಲೂ ಇದೆ. ಅದಕ್ಕೆ ಅವರು 50 ಶಾಟ್ ಎಸೆದರು, ಒಳಗೆ ಬಿದ್ದದ್ದು 22 ಅನ್ನುವುದನ್ನು ಯಾರೂ ಹೇಳುವುದಿಲ್ಲ. ಅದೇ ಕೋಬಿ 2006ರ ಜನವರಿ 22ರಂದು ಟೊರಾಂಟೊ ವಿರುದ್ಧ 81 ಹೊಡೆದಾಗ ಎಸೆದದ್ದು 46 ಶಾಟ್, ಬಿದ್ದದ್ದು 28. ನಾಲ್ಕು ಶಾಟ್ ಕಡಿಮೆ, 21 ಪಾಯಿಂಟ್ ಜಾಸ್ತಿ! ಎರಡೂ ದೊಡ್ಡ ರಾತ್ರಿಗಳೇ, ಆದರೆ ಎರಡೂ ಒಂದೇ ತರದ ಆಟ ಅಲ್ಲ ಅಲ್ವಾ?

ಇದನ್ನು ಅಳೆಯಲು ಟ್ರೂ ಶೂಟಿಂಗ್ ಅಂತ ಒಂದು ಲೆಕ್ಕ ಇದೆ, ಏಳನೇ ಕ್ಲಾಸಿನ ಗಣಿತ ಸಾಕು. ಫ್ರೀ ಥ್ರೋ ಅಂದರೆ ಫೌಲ್ ಆದಾಗ ಯಾರೂ ತಡೆಯದೆ ಎಸೆಯಲು ಸಿಗುವ ಚೆಂಡು, ಬಿದ್ದರೆ ಒಂದು ಪಾಯಿಂಟ್, ಶಾಟ್‌ಗಳ ಲೆಕ್ಕಕ್ಕೆ ಇದು ಸೇರುವುದಿಲ್ಲ. ಎಸೆದ ಫ್ರೀ ಥ್ರೋಗಳ ಸಂಖ್ಯೆಯನ್ನು 0.44ರಿಂದ ಗುಣಿಸಿ, ಅದಕ್ಕೆ ಎಸೆದ ಶಾಟ್‌ಗಳನ್ನು ಕೂಡಿಸಿ, ಎರಡರಿಂದ ಗುಣಿಸಿ, ಬಂದದ್ದರಿಂದ ಪಾಯಿಂಟನ್ನು ಭಾಗಿಸಿ. 0.44 ಯಾಕೆ ಅಂದರೆ, ಸಾಮಾನ್ಯವಾಗಿ ಎರಡು ಫ್ರೀ ಥ್ರೋ ಸೇರಿ ಒಂದು ಅವಕಾಶಕ್ಕೆ ಸಮ, ಹಾಗಾಗಿ ಅರ್ಧ ಇರಬೇಕಿತ್ತು. ಆದರೆ ಬಾಸ್ಕೆಟ್ ಬಿದ್ದ ಮೇಲೆ ಫೌಲಿಗೆ ಸಿಗುವ ಒಂಟಿ ಫ್ರೀ ಥ್ರೋ, ಅಶಿಸ್ತಿಗೆ ಕೊಡುವ ಟೆಕ್ನಿಕಲ್ ಫೌಲಿನದ್ದು, ಇವಕ್ಕೆ ಬೇರೆ ಅವಕಾಶ ಖರ್ಚಾಗುವುದಿಲ್ಲ, ಅದಕ್ಕೆ ಸ್ವಲ್ಪ ಇಳಿಸಿದ್ದಾರೆ. ಕೋಬಿಯ ಕೊನೆಯ ಪಂದ್ಯದಲ್ಲಿ 12 ಫ್ರೀ ಥ್ರೋ ಇದ್ದವು. ಲೆಕ್ಕ ಹಾಕಿದರೆ ಶೇ 54.3 ಬರುತ್ತದೆ, ಆ ವರ್ಷದ ಇಡೀ ಲೀಗಿನ ಸರಾಸರಿಯ ಆಸುಪಾಸು. 81ರ ಪಂದ್ಯಕ್ಕೆ ಶೇ 73.9.

ಬರೀ ಶಾಟ್ ಪರ್ಸೆಂಟೇಜ್ ಸಾಲದಾ ಅಂತ ಕೇಳಬಹುದು. ಸಾಲದು. 2015-16ರಲ್ಲಿ ಡಿಆಂಡ್ರೆ ಜೋರ್ಡಾನ್ (ಮೈಕೆಲ್ ಅಲ್ಲ ಮಾರಾಯ್ರೆ, ಇವರು ಬೇರೆ) ಎಸೆದ ಶಾಟ್‌ಗಳಲ್ಲಿ ಶೇ 70 ಒಳಗೆ ಬಿದ್ದವು, ಸ್ಟೀಫನ್ ಕರಿಯದ್ದು ಶೇ 50. ಇಷ್ಟೇ ನೋಡಿದರೆ ಡಿಆಂಡ್ರೆ ದೊಡ್ಡ ಶೂಟರ್ ಅನ್ನಬೇಕು! ಅವರು ಎಸೆದದ್ದು ಹೆಚ್ಚಾಗಿ ರಿಂಗಿನ ಕೆಳಗೇ ನಿಂತು, ಡಂಕ್ ಮತ್ತು ಲೇ-ಅಪ್. ಫ್ರೀ ಥ್ರೋ ಲೈನಿಗೆ ಹೋದರೆ ನೂರಕ್ಕೆ 43. ಕರಿ ಆ ಸೀಸನ್‌ನಲ್ಲಿ 402 ತ್ರೀ ಪಾಯಿಂಟರ್ (ದೂರದ ಗೆರೆಯಾಚೆಯಿಂದ ಎಸೆದು ಮೂರು ಪಾಯಿಂಟ್ ತರುವ ಶಾಟ್) ಹೊಡೆದರು, ಫ್ರೀ ಥ್ರೋ ಶೇ 90 ದಾಟಿತ್ತು. ಟ್ರೂ ಶೂಟಿಂಗ್‌ನಲ್ಲಿ ಕರಿ ಶೇ 66.9, ಡಿಆಂಡ್ರೆ 63ರ ಹತ್ತಿರ. ಅದೂ ಕರಿ ಪಂದ್ಯಕ್ಕೆ 30 ಪಾಯಿಂಟ್ ಹೊಡೆಯುತ್ತಾ, ಎದುರಾಳಿಗಳು ಇಬ್ಬಿಬ್ಬರು ಮೈಮೇಲೆ ಬೀಳುತ್ತಿರುವಾಗ. ನನ್ನ ಲೆಕ್ಕದಲ್ಲಿ ಶೂಟಿಂಗ್‌ಗೆ ಅದಕ್ಕಿಂತ ಒಳ್ಳೆ ಸೀಸನ್ ಇಲ್ಲ.

ಇನ್ನು ಮೈಕೆಲ್ ಜೋರ್ಡಾನ್ ದೊಡ್ಡವನಾ, ಈಗಿನವರಾ ಅನ್ನುವ ಜಗಳ. ಮಣಿಪಾಲದ ಹುಡುಗರ ಜೊತೆ ಚಹಾಕ್ಕೆ ಕೂತರೆ ಇದು ಮುಗಿಯುವುದೇ ಇಲ್ಲ. ಜೋರ್ಡಾನ್‌ನ ಇಡೀ ವೃತ್ತಿಯ ಟ್ರೂ ಶೂಟಿಂಗ್ ಶೇ 56.9. 2022-23ರಲ್ಲಿ ಲೀಗಿನ ಸರಾಸರಿಯೇ ಶೇ 58.1. ಹಾಗಾದರೆ ಜೋರ್ಡಾನ್ ಈಗಿನ ಸಾಮಾನ್ಯ ಆಟಗಾರನಿಗಿಂತ ಕಡಿಮೆಯಾ? ಸುಮ್ನೆ ಅಂಕಿ ಪಕ್ಕಪಕ್ಕ ಇಟ್ಟರೆ ಹೀಗೇ ಆಗುವುದು. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ನಾವೆಲ್ಲ 100 ಮೀಟರಿಗೆ 9.55 ಅಂತ ಭಾಗಿಸಿ ಉಸೇನ್ ಬೋಲ್ಟ್‌ನ 9.58ರ ಪಕ್ಕ ಇಟ್ಟೆವಲ್ಲ, ಭಾಗಾಕಾರ ಸರಿಯೇ ಇತ್ತು, ಆದರೆ ಇಲ್ಲಿ ಕೆಸರು, ಮುಂದೆ ಕೋಣ, ಅಲ್ಲಿ ಸಿಂಥೆಟಿಕ್ ಟ್ರ್ಯಾಕ್. ಹಾಗಾಗಿ ಆಟಗಾರನನ್ನು ಅವನ ಕಾಲದ ಸರಾಸರಿಯ ಜೊತೆ ಹೋಲಿಸಬೇಕು. 1987-88ರಲ್ಲಿ ಲೀಗಿನ ಸರಾಸರಿ ಶೇ 53.8 ಇದ್ದಾಗ ಜೋರ್ಡಾನ್ ಶೇ 60.3 ಹೊಡೆದಿದ್ದ, ಆಗ ತ್ರೀ ಪಾಯಿಂಟರ್ ಎಸೆಯುವವರೇ ಕಡಿಮೆ. ಈಗ ಹೇಳಿ.

ಈ ಲೆಕ್ಕಕ್ಕೂ ಸಿಗದ ಸಂಗತಿ ಇದೆ, ಒಪ್ಪುತ್ತೇನೆ. ಆಲನ್ ಐವರ್ಸನ್ 2000-01ರಲ್ಲಿ ಎಂವಿಪಿ, ಅಂದರೆ ಸೀಸನ್‌ನ ಅತ್ಯುತ್ತಮ ಆಟಗಾರ, ಆದಾಗ ಅವರ ಟ್ರೂ ಶೂಟಿಂಗ್ ಲೀಗಿನ ಸರಾಸರಿಯಷ್ಟೇ, ಶೇ 51.8. ತಂಡದಲ್ಲಿ ಬೇರೆ ಯಾರಿಗೂ ತಾವಾಗಿ ಶಾಟ್ ಹುಟ್ಟಿಸಿಕೊಳ್ಳಲು ಅಷ್ಟು ಬರುತ್ತಿರಲಿಲ್ಲ, ಎಲ್ಲ ಕಷ್ಟದ ಚೆಂಡೂ ಇವರ ಕೈಗೆ. ಅಂಥವರನ್ನು ಬರೀ ಪರ್ಸೆಂಟೇಜ್ ಹಿಡಿದು ಅಳೆದರೆ ಅನ್ಯಾಯ.

ಇಷ್ಟೆಲ್ಲ ಹೇಳಿದ್ದು ನಮ್ಮೂರಿನ ಆಟಕ್ಕಾಗಿ. ಟೂರ್ನಮೆಂಟ್‌ಗಳಲ್ಲಿ ಸ್ಕೋರರ್ ಟೇಬಲ್‌ನಲ್ಲಿ ಕೂತು ನನಗೆ ಅಭ್ಯಾಸ. ನಾವು ತುಂಬುವ ಅಧಿಕೃತ ಸ್ಕೋರ್‌ಶೀಟ್‌ನಲ್ಲಿ ಬಾಸ್ಕೆಟ್ ಬಿದ್ದರೆ ಆ ಮೊತ್ತದ ಮೇಲೆ ಓರೆ ಗೆರೆ, ಫ್ರೀ ಥ್ರೋ ಬಿದ್ದರೆ ತುಂಬಿದ ಚುಕ್ಕಿ, ತ್ರೀ ಪಾಯಿಂಟರ್ ಆದರೆ ಆಟಗಾರನ ನಂಬರಿಗೆ ಸುತ್ತ ಒಂದು ವೃತ್ತ. ಬೀಳದ ಶಾಟ್‌ಗೆ? ಜಾಗವೇ ಇಲ್ಲ! ರಿಂಗಿಗೆ ಬಡಿದು ಹೊರಗೆ ಹೋದ ಚೆಂಡು ಆ ಹಾಳೆಯಲ್ಲಿ ಎಲ್ಲೂ ಇರುವುದಿಲ್ಲ. ಹಾಗಾಗಿ 25 ಶಾಟ್ ಎಸೆದು 24 ಪಾಯಿಂಟ್ ಮಾಡಿದವನಿಗೆ ಬೆಸ್ಟ್ ಪ್ಲೇಯರ್ ಟ್ರೋಫಿ, ಹತ್ತೇ ಶಾಟ್‌ನಲ್ಲಿ 18 ಮಾಡಿದವನು ಬೆಂಚಿನ ಮೂಲೆಯಲ್ಲಿ ಬ್ಯಾಗ್ ತುಂಬಿಸುತ್ತಿರುತ್ತಾನೆ. ಮೊದಲನೆಯವನು ಬೀಳಿಸದ ಶಾಟ್‌ಗಳಲ್ಲಿ ಒಂದಷ್ಟು ಎದುರಾಳಿಯ ಫಾಸ್ಟ್ ಬ್ರೇಕ್ (ಚೆಂಡು ಸಿಕ್ಕ ಕೂಡಲೇ ಓಡುವ ದಾಳಿ) ಆಗಿ ನಮ್ಮ ಕಡೆಯ ಬುಟ್ಟಿಗೇ ಬಿದ್ದಿರುತ್ತವೆ, ಅದನ್ನು ಕೇಳುವವರಿಲ್ಲ.

ಪರಿಹಾರಕ್ಕೆ ದುಡ್ಡು ಬೇಡ. ಟೇಬಲ್ ಪಕ್ಕ ಒಬ್ಬ ವಿದ್ಯಾರ್ಥಿ, ಒಂದು ನೋಟ್‌ಬುಕ್. ನಂಬರ್ ಬರೆದು, ಬಿದ್ದರೆ ಟಿಕ್, ಬೀಳದಿದ್ದರೆ ಇಂಟು, ತ್ರೀ ಮತ್ತು ಫ್ರೀ ಥ್ರೋಗೆ ಬೇರೆ ಕಾಲಂ. ಎರಡು ತಂಡಕ್ಕೆ ಇಬ್ಬರಿದ್ದರೆ ಇನ್ನೂ ಒಳ್ಳೆಯದು. ಸಂಘಟಕರು ಇದನ್ನು ತಾವಾಗಿ ಮಾಡುವುದಿಲ್ಲ, ನಿಮ್ಮ ವರದಿಗಾರರು ಕೇಳಿದರೆ ಮಾತ್ರ ಮಾಡುತ್ತಾರೆ, ಯಾಕೆಂದರೆ ಪೇಪರಿನಲ್ಲಿ ಬರುತ್ತದೆ ಅಂದರೆ ನಮ್ಮಲ್ಲಿ ಎಲ್ಲ ಕೆಲಸವೂ ಆಗುತ್ತದೆ. ಮುಂದಿನ ಟೂರ್ನಮೆಂಟ್‌ನಿಂದಲೇ ಹೆಸರಿನ ಮುಂದೆ ಪಾಯಿಂಟ್, ಅದರ ಪಕ್ಕ ಶಾಟ್ ಎಷ್ಟು ಅಂತ ಹಾಕಿ. ಜಾಗ ಸಾಲದಿದ್ದರೆ ವೇದಿಕೆಯಲ್ಲಿ ಉಪಸ್ಥಿತರಿದ್ದ ಗಣ್ಯರ ಪಟ್ಟಿಯಲ್ಲಿ ಎರಡು ಸಾಲು ಕಡಿಮೆ ಮಾಡಿ, ಓದುಗರು ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇಂತಿ ನಿಮ್ಮ ಓದುಗ,
ಕುಂಜಿಬೆಟ್ಟು, ಉಡುಪಿ